ಓಕ್ ಮರದಡಿಯ ಅಣಕು ಕುಣಿತ

ಇದು ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನಲ್ಲಿ ನಮ್ಮ ಪಕ್ಕದ ಮನೆಯ ಜಲಜಾಗೆ ಆದದ್ದು. ಅವಳೇ ಹೇಳಿದ್ದು. ಕತೆ ಕಟ್ಟುವ ಚಟ ನನಗಿಲ್ಲ.

ರಾತ್ರಿ ಹತ್ತೂವರೆ. ಕನ್ನಡ ಸಂಘದ ರಿಹರ್ಸಲ್ಲು ಮುಗಿಸಿ ಒಬ್ಬಳೇ ತೊರೆಯಂಚಿನ ಕಾಲುದಾರಿ ಟ್ರೇಲಿನಲ್ಲಿ ನಡೆದು ಬರುತ್ತಿದ್ದಳು. ಹೊಟ್ಟೆಯೊಳಗೆ ಕಿಚ್ಚು. ಮೂವತ್ತು ವರ್ಷ ಭರತನಾಟ್ಯ ಕಲಿತು ಕಲಿಸಿದವಳು. ಅವಳು ವರ್ಣ, ಅಂದರೆ ಭರತನಾಟ್ಯದ ಅತಿ ಉದ್ದದ ನೃತ್ಯ, ಆಡಿದರೆ ಜನ ಫೋನು ನೋಡುತ್ತಾರೆ. ಎಮರಿವಿಲ್‌ನ ಅನಿಮೇಶನ್ ಆಫೀಸಿನ ಗುರುಕಿರಣ ಮುಖಕ್ಕೆ ಬಿಳಿ ಬಳಿದು, ಮೀಸೆ ಅಂಟಿಸಿ, ಲಂಗ ತೊಟ್ಟು, ಹಳೆಯ ಮೂಕಿ ಚಿತ್ರದ ಕೋಡಂಗಿಯಂತೆ ನರ್ತಕಿಯನ್ನು ಅಣಕಿಸಿದರೆ ಅದೇ ಜನ ಕಣ್ಣೀರು ಬರುವಷ್ಟು ನಗುತ್ತಾರೆ. ಶನಿವಾರದ ಸಂಘದ ಕಾರ್ಯಕ್ರಮದಲ್ಲಿ ಕೊನೆಯ ಐಟಮ್ಮೂ ಅವನದೇ.

ಆ ಸಂಜೆ ಅವಳು ಅಧ್ಯಕ್ಷ ವ್ಯಾಸರಾಜರ ಕಿವಿ ಕಚ್ಚಿದ್ದಳು. "ಇದು ಶಾಸ್ತ್ರಕ್ಕೆ ಅವಮಾನ ಸಾರ್. ಅವನಿದ್ರೆ ನಾನಿಲ್ಲ."

ಅವನ ಐಟಂ ರದ್ದಾಯಿತು. ಹೊರಡುವಾಗ ಗುರುಕಿರಣ ಬಾಗಿಲಲ್ಲಿ ಮೆಲ್ಲಗೆ ಕೇಳಿದ: "ನಿಮ್ಮ ಹತ್ರಾನೇ ಒಂದ್ ವರ್ಷ ಕಲ್ತಿದ್ದು ಅಕ್ಕಾ. ನಿಜ ಹೇಳಿ... ಅಷ್ಟು ಕೆಟ್ಟದಾಗಿತ್ತಾ?"

"ಲೇಟಾಯ್ತು," ಎಂದು ಹೊರಟಿದ್ದಳು.

ತೊರೆಯ ಪಕ್ಕ ಒಂದು ಓಕ್ ಮರ. ಅಲ್ಲಿಗೆ ಬಂದಾಗ ಫ್ರೀವೇಯ ಕಾರುಗಳ ಗುಂಯ್ ನಿಂತಿತು. ಜೀರುಂಡೆಯ ಕಿರ್... ಅದೂ ನಿಂತಿತು. ಅವಳ ಚಪ್ಪಲಿಯ ಚಟ್ ಚಟ್ ಒಂದೇ.

ಮರದಡಿ ಬಿಳಿ ಮುಖ. ಮೀಸೆ. ಲಂಗ. ಹಳೆಯ ರೀಲಿನಂತೆ ತುಂಡು ತುಂಡಾಗಿ ಕುಣಿಯುತ್ತಿತ್ತು...

"ಗುರೂ?" ಪಿಸುಗುಟ್ಟಿದಳು. "ಸಾಕು ಮಾಡೋ."

ಅವನಲ್ಲ. ಇದು ಅವನಿಗಿಂತ ಗಿಡ್ಡ. ಕುಣಿಯುತ್ತಿದ್ದದ್ದು ಅವಳದೇ ವರ್ಣ. ಅವಳ ಎತ್ತಿದ ಗಲ್ಲ, ಯಾರು ಮೆಚ್ಚಿದರೆಂದು ವಾರೆಗಣ್ಣಲ್ಲಿ ನೋಡುವ ಚಾಳಿ... ಒಂದನ್ನೂ ಬಿಡದೆ ಅಣಕಿಸುತ್ತಿತ್ತು. ಆದರೆ ಮಂಡಿ ಮಡಿಸಿ ಅರ್ಧ ಕೂರುವ ಆ ಅರಮಂಡಿ! ಮೂವತ್ತು ವರ್ಷದಲ್ಲಿ ಅವಳಿಗೆ ಅಷ್ಟು ಕೂರಲು ಬಂದಿಲ್ಲ.

ಬೇರೆಯವರಾದರೆ ಓಡುತ್ತಿದ್ದರು. ಜಲಜಾಗೆ ಭಯಕ್ಕಿಂತ ಮತ್ಸರ ದೊಡ್ಡದು. ಚಪ್ಪಲಿ ಬಿಟ್ಟಳು. ಭೂಮಿಗೆ ನಮಸ್ಕರಿಸದೆ ಒಂದು ಹೆಜ್ಜೆಯನ್ನೂ ಇಡದವಳು, ಅಂದು ಅದನ್ನೂ ಮರೆತು ಅದರೆದುರು ಕುಣಿದಳು. ತೈಯಾ ತೈ... ತೈಯಾ ತೈ... ಉಸಿರು ಕಟ್ಟುವವರೆಗೆ. ಅದು ನಿಂತಿತು. ಅವಳನ್ನೇ ನೋಡಿತು. ಬಾಯಿ ಅಗಲಿಸಿ ನಕ್ಕಿತು... ಸದ್ದಿಲ್ಲದೆ.

ಶನಿವಾರದ ಕೊನೆಯ ಐಟಂ ಅವಳದಾಯಿತು. ಒಂದು ಅಡವೂ ತಪ್ಪಲಿಲ್ಲ. ಆದರೂ ಹಾಡಿನ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಸಭೆ ನಗತೊಡಗಿತು. ಮುನ್ನೂರು ಜನ, ಕುರ್ಚಿ ತಟ್ಟಿ, ಹೊಟ್ಟೆ ಹಿಡಿದು. ಯಾಕೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಸಭೆಯಲ್ಲಿ ಹಲ್ಲು ಕಿಸಿಯುವವನಲ್ಲ ನಾನು, ನಾನೂ ನಕ್ಕೆ. ಅವಳು ಕಣ್ಣೀರು ಸುರಿಸುತ್ತಲೇ ಕೊನೆಯವರೆಗೆ ಆಡಿದಳು.

ಆ ದಿನದ ವಿಡಿಯೋ ನನ್ನ ಫೋನಿನಲ್ಲಿದೆ. ಮೃದಂಗ ಕೇಳುತ್ತದೆ. ಗೆಜ್ಜೆ ಕೇಳುತ್ತದೆ. ಹಿಂದಿನ ಸಾಲಿನ ಮಗುವಿನ ಕೆಮ್ಮು ಕೂಡ. ನಗು ಎಲ್ಲೂ ಇಲ್ಲ. ನಾನು ಅಲ್ಲಿದ್ದೆ, ಮೂರನೆಯ ಸಾಲಿನಲ್ಲಿ, ನಗುತ್ತ.