ಗಂಗಮ್ಮನ ಉಡಿ ಕಟ್ಟಿದ ಟ್ಯಾಂಕಿ

ನನ್ನ ಹೆಸರು ಗಿರಿಯಮ್ಮ, ಗಂಡನ ಹೆಸರು ಯಮನೂರಪ್ಪ, ವಯಸ್ಸು ಸುಮಾರು ಮೂವತ್ತಾರು, ಉದ್ಯೋಗ ದೋಣಿ ಕಡವಿನಲ್ಲಿ ಚಹಾ ಮತ್ತು ಮಿರ್ಚಿ ಅಂಗಡಿ, ಸಾಕಿನ್ ಮುಕ್ಕುಂದ, ತಾಲೂಕು ಸಿಂಧನೂರು, ಜಿಲ್ಲೆ ರಾಯಚೂರು. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಮೇಲೆ ಬರೆದ ಗಂಡನ ಹೆಸರನ್ನು ನಾನು ಹೇಳಿಲ್ಲ. ಗೊರೇಬಾಳದಿಂದ ನನ್ನ ಸಂಗಡ ಬಂದ ಅಕ್ಕ ಮಾರೆಮ್ಮ ಹೇಳಿ ಬರೆಸಿದ್ದಾಳೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಗಂಡನ ಅಣ್ಣನ ಹೆಸರನ್ನಂತೂ ನಾಲಿಗೆ ಮೇಲೆ ತರುವುದೇ ಇಲ್ಲ. ತಂದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಅತ್ತೆ ನನಗೆ ಮದುವೆಯಾದ ವಾರದಲ್ಲೇ ಹೇಳಿಕೊಟ್ಟಿದ್ದಳು. ಆದ್ದರಿಂದ ಇದರಲ್ಲಿ ನಮ್ಮ ಮನೆಯವರು ಅಂದರೆ ನನ್ನ ಗಂಡ, ನಮ್ಮ ಭಾವ ಅಂದರೆ ಅವರ ಅಣ್ಣ ಎಂದು ತಿಳಿಯಬೇಕು.

ಮುಕ್ಕುಂದದ ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ದೋಣಿ ಇವರಿಬ್ಬರಿಗೂ ಸೇರಿದ್ದು. ಮೊದಲು ಹುಟ್ಟು ಹಾಕುತ್ತಿದ್ದರು, 1983ರಲ್ಲಿ ಡೀಸೆಲ್ ಎಂಜಿನ್ ಕೂಡಿಸಿದರು. ಅದರ ಟ್ಯಾಂಕಿ ಅಲ್ಯುಮಿನಿಯಂದು, ನಾವು ಜರ್ಮನ್ ಅನ್ನುತ್ತೇವಲ್ಲ ಅದು. ಹೊಳೆಗೆ ಹೊಸ ನೀರು ಬಂದಾಗ ಗಂಗಮ್ಮನಿಗೆ ಉಡಿ ತುಂಬುವುದು ಎಲ್ಲ ಕಡವಿನಲ್ಲೂ ಇದ್ದದ್ದೇ. ಆದರೆ ಎಂಜಿನ್ ಬಂದ ವರ್ಷದಿಂದ ನಮ್ಮ ಭಾವನವರು ಉಡಿಯ ಖಣವನ್ನು, ಅಂದರೆ ಕುಪ್ಪಸದ ಬಟ್ಟೆಯನ್ನು, ನೀರಿಗೆ ಬಿಡದೆ ಟ್ಯಾಂಕಿಗೆ ಸುತ್ತಿ ಕಟ್ಟಿಸಿದರು. ದೋಣಿಗೆ ಅದೇ ಹೊಟ್ಟೆ, ಉಡಿ ಅದಕ್ಕೇ ಸಲ್ಲಬೇಕು ಎಂದರು. ಕಟ್ಟಿದ್ದನ್ನು ಬಿಚ್ಚಬಾರದು ಎಂದೂ ಅವರೇ ಕಟ್ಟು ಮಾಡಿದರು. ಹೀಗೆ ವರ್ಷಕ್ಕೊಂದರಂತೆ ಒಂಬತ್ತು ಖಣ ಒಂದರ ಮೇಲೊಂದು ಬಿದ್ದವು. ದೋಣಿಯ ತಳದಲ್ಲಿ ನಿಂತ ನೀರನ್ನು ಹೀರಿ ಅವು ಯಾವಾಗಲೂ ಹಸಿಯಾಗಿಯೇ ಇರುತ್ತಿದ್ದವು. ಟ್ಯಾಂಕಿ ಪರೀಕ್ಷೆ ಅಂದರೆ ಖಣದ ಮೇಲಿಂದಲೇ ಎರಡು ಸಲ ತಟ್ಟಿ, ಗಟ್ಟಿ ಐತಿ ಅನ್ನುವುದು, ಮುಗಿಯಿತು. ಅದರ ಮೈಯನ್ನು ಯಾರೂ ಕಂಡಿರಲಿಲ್ಲ.

ಈ ವರ್ಷ ದೋಣಿಯಲ್ಲಿ ಡೀಸೆಲ್ ವಾಸನೆ ಹೆಚ್ಚಾಗಿ, ಕೂತವರ ಸೀರೆ ಅಂಚು ತೊಯ್ಯಲು ಶುರುವಾಯಿತು. ಹೊಳೆ ತುಂಬುವುದರೊಳಗೆ ತೋರಿಸಿಬಿಡೋಣ ಎಂದು ನಮ್ಮ ಮನೆಯವರು ಸಿಂಧನೂರಿನ ಮಿಸ್ತ್ರಿ ಮಲೀಕಸಾಬನನ್ನು ಕರೆಸಿದರು. ಆತ ಪಂಪ್‌ಸೆಟ್ಟು, ಟ್ರ್ಯಾಕ್ಟರು ರಿಪೇರಿ ಮಾಡುವವನು. ನಿನ್ನೆ ಭಾನುವಾರ ಊಟದ ಹೊತ್ತಿಗೆ ಬಂದನು. ಅಂದು ದೋಣಿ ಬಂದ್ ಇಟ್ಟಿದ್ದರಿಂದ ದಂಡೆಯಲ್ಲಿ ನಮ್ಮ ಮೂವರ ಹೊರತು ಬೇರೆ ಯಾರೂ ಇರಲಿಲ್ಲ.

ಮಲೀಕಸಾಬನು ಟ್ಯಾಂಕಿಯ ಕೆಳಗೆ ಕೈ ಹಾಕಿ ಮೂಸಿ ನೋಡಿ, ಖಣ ತೆಗೆಯದೆ ಏನೂ ಹೇಳಲಿಕ್ಕಾಗುವುದಿಲ್ಲ ಎಂದನು. ಇದು ದೇವರದು, ತಾನು ಮುಟ್ಟುವುದಿಲ್ಲ, ಮನೆಯ ಹೆಣ್ಣುಮಗಳು ಬಿಚ್ಚಲಿ, ತಾನು ಆ ಕಡೆ ಮುಖ ಮಾಡಿ ನಿಲ್ಲುತ್ತೇನೆ ಎಂದು ಹಾಗೆಯೇ ನಿಂತನು. ಅವನ ಮರ್ಯಾದೆ ಇಷ್ಟಿತ್ತು, ಇದನ್ನು ಬರೆದುಕೊಳ್ಳಬೇಕು. ನಾನು ಅರಿಷಿಣ ಕುಂಕುಮ ಹಚ್ಚಿ, ತಪ್ಪಾತವ್ವಾ ಎಂದು ಕೈಮುಗಿದು ಒಂದೊಂದೇ ಬಿಚ್ಚಿದೆನು. ಎಲ್ಲಕ್ಕಿಂತ ಒಳಗಿನ ಖಣ ಬಿಚ್ಚಲಿಲ್ಲ, ಕಿತ್ತು ಬಂತು. ಅದರ ಜೊತೆ ಸುಣ್ಣದಂಥ ಬಿಳಿ ಪುಡಿ ಉದುರಿತು. ಹಿಡಿದೆತ್ತಲು ಹೋದರೆ ನನ್ನ ಎಡಗೈ ಹೆಬ್ಬೆರಳು ಟ್ಯಾಂಕಿಯೊಳಗೇ ಹೋಗಿ ಕೊಯ್ದುಕೊಂಡಿತು. ಅಯ್ಯ ಶಿವನೇ, ಇದರ ಮೇಲೆ ಬೀಡಿ ಸೇದುವವರನ್ನೂ ಕೂಸುಗಳನ್ನೂ ಕೂಡಿಸಿಕೊಂಡು ಹೊಳೆ ದಾಟಿಸಿದ್ದೇವಲ್ಲ ಎಂದೆನು.

ಹಸಿ ಬಟ್ಟೆ ಅಪ್ಪಿಕೊಂಡರೆ ಜರ್ಮನ್ ಹೀಗೇ ಒಳಗೊಳಗೇ ತಿಂದುಹೋಗುತ್ತದೆ ಎಂದು ಮಲೀಕಸಾಬನು ಹೇಳಿದನು. ಹೊಸದನ್ನು ದಪ್ಪ ತಗಡಿನಲ್ಲಿ ಮಾಡಿಸಿ, ಕೆಳಗೆ ಗಾಳಿ ಆಡುವಂತೆ ಕಟ್ಟಿಗೆ ಪಟ್ಟಿ ಮೇಲೆ ಕೂಡಿಸಿರಿ, ಉಡಿಯನ್ನು ದೋಣಿಯ ಮೂತಿಗೆ ಕಟ್ಟಿರಿ, ಗಂಗಮ್ಮ ಬೇಡ ಅನ್ನುವುದಿಲ್ಲ ಎಂದನು. ನಮ್ಮ ಮನೆಯವರು ನಕ್ಕರು. ಅವರು ನಕ್ಕಿದ್ದು ಅದೇ ಕಡೆಯದು.

ಅಷ್ಟರಲ್ಲಿ ನಮ್ಮ ಭಾವನವರು ಊರ ಕಡೆಯಿಂದ ಬಂದರು. ಉಸುಕಿನ ಮೇಲೆ ಹರವಿದ್ದ ಖಣಗಳನ್ನು ಕಂಡವರೇ, ಹೆಣ್ಣುದೇವರನ್ನ ಬತ್ತಲೆ ಮಾಡೀಯೇನಲೇ ಎಂದು ಕೂಗಿ ದೋಣಿಯ ಹುಟ್ಟನ್ನು ಎತ್ತಿ ಮಲೀಕಸಾಬನ ಮೇಲೆ ಬೀಸಿದರು. ಆತ ಅಡ್ಡ ಹಿಡಿದ ಬಲಗೈ ಮೊಳಕೈ ಕೆಳಗೆ ಮುರಿಯಿತು. ಮುರಿದ ಸಪ್ಪಳ ನಾನು ಕೇಳಿದ್ದೇನೆ. ಬಿಚ್ಚಿದವಳು ನಾನು, ಅವನಲ್ಲ, ಬೇಕಾದರೆ ಟ್ಯಾಂಕಿ ನೋಡಿರಿ ಎಂದು ನಾನು ಚೀರಿದೆನು. ನೋಡಲಿಲ್ಲ. ನನ್ನ ಜಡೆ ಹಿಡಿದು ನೆಲಕ್ಕೆ ಬಡಿದನು, ಮುಂದಿನ ಹಲ್ಲು ಒಂದು ಹೋಯಿತು.

ನಮ್ಮ ಮನೆಯವರು ನಡುವೆ ಬಂದು, ಅವನನ್ನು ದೋಣಿಯೊಳಗೆ ಟ್ಯಾಂಕಿಯ ಹತ್ತಿರ ಕರೆದು, ಅಣ್ಣಾ, ಮೊದಲು ತೂತು ನೋಡು, ಆಮೇಲೆ ನನ್ನ ಹೊಡಿ ಎಂದು ಎರಡೂ ಕೈ ಜೋಡಿಸಿದರು. ಆಗ ನಮ್ಮ ಭಾವನು ಎಂಜಿನ್ ತಿರುವುವ ಕಬ್ಬಿಣದ ಹ್ಯಾಂಡಲ್ ತೆಗೆದುಕೊಂಡು ಅವರ ತಲೆಗೆ ಹೊಡೆದನು. ಕೈ ಜೋಡಿಸಿದವರು ಜೋಡಿಸಿದ ಹಾಗೆಯೇ ಮಂಡಿಯೂರಿದರು. ಮತ್ತೆ ಹೊಡೆದನು. ಅವರು ದೋಣಿಯೊಳಗೆ ಟ್ಯಾಂಕಿಯ ಮೇಲೆ ಬಿದ್ದರು. ತಳ ಒಡೆದು ಡೀಸೆಲ್ ಎಲ್ಲ ಅವರ ಮೈಮೇಲೆ ಹರಿಯಿತು. ಬಿದ್ದವರಿಗೂ ಇನ್ನೊಂದು ಹೊಡೆದನು. ಹಾಟ್ಯಾನ ಮಗ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು! ನಾನು ಕಾಲು ಹಿಡಿದು ಕಚ್ಚಿದೆನು, ಎದೆಗೆ ಒದ್ದನು. ಆಮೇಲೆ ಹ್ಯಾಂಡಲನ್ನು ಹೊಳೆಗೆ ಎಸೆದನು. ಎಸೆದ ಮಡುವನ್ನು ನಾನು ತೋರಿಸುತ್ತೇನೆ.

ನಮ್ಮ ಮನೆಯವರ ತಲೆಗೆ ಕಟ್ಟಲು ಬೇರೆ ಬಟ್ಟೆ ಇರಲಿಲ್ಲ. ಗಂಗಮ್ಮನ ಖಣಗಳನ್ನೇ ಸುತ್ತಿದೆನು. ಒಂಬತ್ತೂ ತೊಯ್ದವು. ಬಿಚ್ಚಬಾರದು ಎಂದವನು ಅದನ್ನು ನೋಡುತ್ತ ನಿಂತಿದ್ದನು. ಆಮೇಲೆ ಮಲೀಕಸಾಬನನ್ನು ದೋಣಿಯ ಹಗ್ಗದಿಂದ ಕಟ್ಟಿ, ಸಾಬ ನನ್ನ ತಮ್ಮನ್ನ ಹೊಡದಾನ ಎಂದು ಊರ ಕಡೆ ಮುಖ ಮಾಡಿ ಬಾಯಿ ಬಡಿದುಕೊಂಡನು. ಓಡಿ ಬಂದ ಜನ ಕೇಳದೆ ಕೆದಕದೆ ಮಲೀಕಸಾಬನನ್ನು ಮತ್ತೆ ಹೊಡೆದರು.

ಟ್ರ್ಯಾಕ್ಟರಿನಲ್ಲಿ ಸಿಂಧನೂರಿಗೆ ತರುವಾಗ ನಮ್ಮ ಮನೆಯವರಿಗೆ ಒಮ್ಮೆ ಎಚ್ಚರವಾಯಿತು. ಅಣ್ಣನ ಹೆಸರು ಎಲ್ಲಿಯೂ ಹೇಳಬ್ಯಾಡ ಎಂದು ನನಗೆ ಹೇಳಿದರು. ನೀರು ಕೇಳಿದರು. ಕೊಡುವುದರೊಳಗೆ ಮುಗಿದುಹೋಯಿತು. ಕೊಟ್ಟ ಮನೆಗೆ ಬಂದಾಗಿನಿಂದ ಅವರ ಒಂದು ಮಾತನ್ನೂ ನಾನು ಮೀರಿದವಳಲ್ಲ.

ಆಸ್ಪತ್ರೆಯ ಅಂಗಳದಲ್ಲಿ ನಮ್ಮ ಭಾವನು ನನ್ನ ಹತ್ತಿರ ಬಂದು, ಸಾಬ ಹೊಡದಾನ ಅಂತ ನಾ ಕಂಪ್ಲೇಂಟ್ ಕೊಟ್ಟೀನಿ, ನೀನೂ ಅದನ್ನೇ ಹೇಳು, ಇಲ್ಲಾಂದ್ರ ಮನಿ ಹೊಸ್ತಿಲು ತುಳೀಬ್ಯಾಡ ಎಂದನು. ಮಲೀಕಸಾಬನನ್ನು ನೀವು ವಿಚಾರಣೆಗೆಂದು ಒಳಗೆ ಕೂಡಿಸಿದ್ದೀರಿ. ಕೈ ಮೊದಲೇ ಮುರಿದವನು ಅಷ್ಟು ಭಾರದ ಹ್ಯಾಂಡಲನ್ನು ಹೇಗೆ ಎತ್ತುತ್ತಾನೆ, ನೀವೇ ಯೋಚಿಸಬೇಕು. ಅವನ ಹೆಂಡತಿ ರಾಜಾಬೀ ಬೆಳಗಿನಿಂದ ಠಾಣೆಯ ಮುಂದಿನ ಬೇವಿನ ಗಿಡದ ಕೆಳಗೆ ಕುಂತಿದ್ದಾಳೆ. ನನ್ನ ಬಾಯಿಯಲ್ಲಿ ರಕ್ತ ಕಂಡು ಮುಕ್ಕಳಿಸಲು ನೀರು ತಂದುಕೊಟ್ಟಳು.

ಬರೆದುಕೊಳ್ಳುತ್ತಿರುವ ಸಾಹೇಬರು, ಬರೀ ಭಾವ ಎಂದು ಬರೆದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಹೆಸರು ಬೇಕು, ಮೇಲಿನಂತೆ ನಿಮ್ಮಕ್ಕ ಹೇಳಲಿ ಎಂದರು. ಮಾರೆಮ್ಮ ಎದ್ದಳು. ನಾನು ಅವಳನ್ನು ಕೂಡಿಸಿದೆನು. ನೋಡಿದವಳು ನಾನು, ನಾನೇ ಹೇಳುತ್ತೇನೆ.

ನನ್ನ ಗಂಡನ ಹೆಸರು ಯಮನೂರಪ್ಪ. ಇನ್ನು ಕಡಿಮೆಯಾಗಲು ಅವರಿಗೆ ಆಯುಷ್ಯವೇ ಉಳಿದಿಲ್ಲ. ಅವರನ್ನು ಕೊಂದವನು ಕನಕರಾಯ. ಕನಕರಾಯ, ತಂದೆ ಬಾಲಪ್ಪ, ಸಾಕಿನ್ ಮುಕ್ಕುಂದ. ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುವುದು ಖರೇ ಇದ್ದರೆ ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿರಿ. ಕನಕರಾಯ.

ಈ ಮೇಲಿನದೆಲ್ಲ ನಾನು ಕಣ್ಣಾರೆ ಕಂಡು ಬಾಯಾರೆ ಹೇಳಿದ್ದು. ಯಾರ ಅಂಜಿಕೆಗೂ ಆಸೆಗೂ ಹೇಳಿದ್ದಲ್ಲ. ಓದಿ ಹೇಳಿದ್ದನ್ನು ಕೇಳಿದ್ದೇನೆ, ನಾನು ಹೇಳಿದ ಹಾಗೆಯೇ ಇದೆ.

ಸ್ಥಳ: ಸಿಂಧನೂರು
ದಿನಾಂಕ: 15-6-1992

ಗಿರಿಯಮ್ಮಳ ಬಲಗೈ ಹೆಬ್ಬೆಟ್ಟಿನ ಗುರುತು. ಎಡಗೈ ಹೆಬ್ಬೆರಳು ಟ್ಯಾಂಕಿಯ ತೂತಿನಲ್ಲಿ ಕೊಯ್ದಿರುವುದರಿಂದ ಎಡಗೈಯದನ್ನು ತೆಗೆದುಕೊಂಡಿರುವುದಿಲ್ಲ.