ನೀಲವ್ವನ ಅವ್ವನಿಗೆ ಒಂದು ಕಾರ್ಡು

ಕನ್ನಡ ನಾಡು ಒಂದಾದ ಮರುವರ್ಷದ ಮಾತು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸಿಗೆ ಕಾದು ಕಾದು ಸೋಮಮ್ಮನಿಗೆ ಸಾಕಾಗಿಹೋಗಿತ್ತು. ಪಕ್ಕದ ಕಲ್ಲುಬೆಂಚಿನ ಮೇಲೆ ಅಪ್ಪ, ಮಗಳು ಕೂತಿದ್ದರು. ಮಗಳ ತೊಡೆಯ ಮೇಲೊಂದು ಪೋಸ್ಟ್ ಕಾರ್ಡು, ಕೈಯಲ್ಲಿ ಪೆನ್ಸಿಲ್ಲು. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

"ಜ್ವರ ಬಂದದೆ, ಧಾರವಾಡದ ಹೆಣ್ಮಕ್ಳ ಮುಂದಾಳು ಶಿಬಿರಕ್ಕೆ ಬರಕಾಗಲ್ಲ ಅಂತ ನೀಲವ್ವನ ಅವ್ವಂಗೆ ಬರಿ ಕಣಮ್ಮಿ."

"ನೀನೇ ಬರಿಯಪ್ಪ."

"ನಂಗೆ ಬರಿಯಕ್ಕೆ ಬಂದಿದ್ರೆ ನಿನ್ನ ಯಾಕ್ ಕೇಳ್ತಿದ್ದೆ?"

"ಧಾರವಾಡದಿಂದ ನೀಲವ್ವ ಇಲ್ಲಿನ ಶಿಬಿರಕ್ಕೆ, ನಾನು ಅಲ್ಲಿನ ಶಿಬಿರಕ್ಕೆ ಅಂತ ತಾನೆ ಮಾತಾಗಿದ್ದು? ಅವ್ಳನ್ನ ಅವ್ರವ್ವ ಕಳಿಸ್ನಿಲ್ವಾ? ಒಂದು ತಿಂಗ್ಳು ಇದ್ದು ನಮ್ಮವ್ವಂಗೆ ಜೋಳದ ರೊಟ್ಟಿ ತಟ್ಟೋದ ಕಲಿಸಿದ್ಲು."

"ಅವ್ಳು ಇದ್ದದ್ದು ನಮ್ಮನೇಲಿ. ಭಯ ಏನು?"

"ನಾನೂ ಇರೋದು ಅವ್ರ ಮನೇಲೆ."

"ಅದು ಬ್ಯಾರೆ."

"ಮಹಿಳಾ ಸಮಾಜದಲ್ಲಿ ಅವ್ಳು ಭಾಷಣ ಮಾಡ್ದಾಗ ಮುಂದ್ಗಡೆ ಕೂತು ಚಪ್ಪಾಳೆ ತಟ್ದೋನು ನೀನೇಯ. ಹೆಣ್ಮಕ್ಳು ಅಂದ್ರೆ ಹಿಂಗಿರ್ಬೇಕು ಅಂದೆ."

"ಬ್ಯಾರೇರ ಮಗ್ಳ ಹೊಗಳಿದ್ರೆ ತಪ್ಪೇನು?"

ಹುಡುಗಿ ಪೆನ್ಸಿಲ್ಲಿನ ತುದಿ ಕಚ್ಚಿದಳು.

"ಜ್ವರ ಅಂತ ಬರದ್ರೆ ವಾಸಿಯಾದ್ಮೇಲೆ ಬಾ ಅಂತಾರೆ. ಆಗ ಏನ್ ಬರೀಲಿ?"

ಅಪ್ಪ ಟವಲ್ಲಿನಿಂದ ಮುಖ ಒರೆಸಿಕೊಂಡ.

"ಹಂಗಾರೆ ಮದ್ವೆ ಗೊತ್ತಾಯ್ತು ಅಂತ ಬರಿ."

"ಯಾರ್ ಮದ್ವೆ?"

ಅಷ್ಟರಲ್ಲಿ ತೆರಕಣಾಂಬಿ ಬಸ್ಸು ಬಂತು. ಅಪ್ಪ ಟವಲ್ಲು ಕೊಡವಿಕೊಂಡು ಎದ್ದ.

"ನಡಿ, ಆಮೇಲೆ ಸೀಟು ಸಿಕ್ಕಲ್ಲ."

ಹುಡುಗಿ ಕಾರ್ಡು ಹಿಡಿದುಕೊಂಡೇ ಹಿಂದೆ ಹೋದಳು. ಮೆಟ್ಟಿಲ ಮೇಲೆ ನಿಂತು ಮತ್ತೆ ಕೇಳಿದಳು.

"ಅಪ್ಪ, ಯಾರ್ ಮದ್ವೆ?"

ಬಸ್ಸು ಹೊರಟಿತು. ಅಪ್ಪ ಕಂಡಕ್ಟರನ ಹತ್ತಿರ ಎರಡು ಟಿಕೇಟು ಕೇಳಿದ್ದಷ್ಟೇ ಸೋಮಮ್ಮನಿಗೆ ಕೇಳಿಸಿತು.