ಬುಧವಾರದ ಹಳದಿ ಬಸ್ಸು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಗ್ರಾಮ ಸಭಾಂಗಣ ಸಮಿತಿಯ ಶ್ರೀಮತಿ ಗೌವರ್ ಅವರೇ, ಇಂದಿನ ಮದುಮಗಳಾದ ನನ್ನ ತಂಗಿ ಇಸೊಬೆಲ್, ಮದುಮಗನಾದ ಶ್ರೀಯುತ ಕ್ಲಿಫರ್ಡ್ ಆಗ್ಡನ್ ಅವರೇ, ಮುಂದಿನ ಸಾಲಿನಲ್ಲಿ ಕುಳಿತು ಈಗಾಗಲೇ ಗಡಿಯಾರ ನೋಡುತ್ತಿರುವ ಡಾಕ್ಟರ್ ಲಾಸನ್ ಅವರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ವರನ ಕಡೆಯ ಬಂಧುಗಳೇ, ಮತ್ತು ಲಿಟಲ್ ಆಶ್‌ವಿಕ್ಕಿನ ಸಭಿಕರೇ,

ಮದುವೆಯ ಊಟದಲ್ಲಿ ವಧುವಿನ ತಂದೆ ನಾಲ್ಕು ಮಾತಾಡುವುದು ಪದ್ಧತಿ. ನಮ್ಮ ತಂದೆಯವರು ತೀರಿಕೊಂಡು ಬಹಳ ಕಾಲವಾಯಿತು. ಅವರು ಇದ್ದಿದ್ದರೆ ಇವತ್ತು ಮಾತಾಡುತ್ತಿದ್ದರೇ? ಮಾತಾಡುತ್ತಿರಲಿಲ್ಲ. ಬರುತ್ತಲೂ ಇರಲಿಲ್ಲ. ಆದ್ದರಿಂದ ಆ ಜವಾಬ್ದಾರಿ ಅಕ್ಕನಾದ ಅಡೆಲಾ ವಿನ್‌ಫೀಲ್ಡ್ ಎಂಬ ನನ್ನ ಮೇಲೆ ಬಿದ್ದಿದೆ. ಐದು ನಿಮಿಷದಲ್ಲಿ ಮುಗಿಸಬೇಕೆಂದು ಶ್ರೀಮತಿ ಗೌವರ್ ಹೇಳಿದ್ದಾರೆ. ಶ್ರೀಮತಿ ಗೌವರ್ ಇನ್ನೂ ಅನೇಕ ವಿಷಯ ಹೇಳುತ್ತಿರುತ್ತಾರೆ.

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಮೇಲು ಕೀಳು ನೋಡುವವಳಲ್ಲ. ಯಾವತ್ತೂ ನೋಡಿದವಳಲ್ಲ. ನಾವು ಪೆಂಬರ್ಟನ್ಸ್ ಅಂಗಡಿಯಲ್ಲಿ ಸಾಮಾನು ತರುತ್ತಿದ್ದೆವು, ಅಷ್ಟೇ. ನಮ್ಮ ತಂದೆ ಬ್ಯಾಂಕ್ ಮ್ಯಾನೇಜರಾಗಿದ್ದ ಕಾಲಕ್ಕೆ ಅದು ಸೂಪರ್‌ಮಾರ್ಕೆಟ್ ಆಗಿರಲಿಲ್ಲ, ಬಿಳಿ ಏಪ್ರನ್ ಕಟ್ಟಿಕೊಂಡ ಸಜ್ಜನರೊಬ್ಬರು ಚೀಸ್ ಕತ್ತರಿಸಿ ಕೊಡುವ ಅಂಗಡಿಯಾಗಿತ್ತು. ಅಂಗಡಿ ದೊಡ್ಡದಾಯಿತು, ಸಜ್ಜನರು ಹೋದರು, ನಾವು ಮಾತ್ರ ಬಿಡಲಿಲ್ಲ. ಅವರ ಕಡುಹಸಿರು ಚೀಲ ಹಿಡಿದು ಬೀದಿಯಲ್ಲಿ ನಡೆದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಇದು ಮೇಲು ಕೀಳಿನ ಪ್ರಶ್ನೆಯೇ? ಅಲ್ಲ. ಬೆನ್ನಿನ ಪ್ರಶ್ನೆ.

ಪಟ್ಟಣದ ಆ ತುದಿಯಲ್ಲಿ, ಟೈರು ಮಾರುವವರ ಪಕ್ಕದಲ್ಲಿ, ಅಗ್ಗದ ಸಾಮಾನಿನ ಅಂಗಡಿ ಸೇವ್‌ವೆಲ್ ಇತ್ತು. ಅದು ಇದೆ ಎಂಬುದು ನಮಗೆ ಗೊತ್ತಿತ್ತು, ಚಂದ್ರನ ಮೇಲೆ ಕುಳಿಗಳಿವೆ ಎಂದು ಗೊತ್ತಿರುವ ಹಾಗೆ.

ಆಮೇಲೆ ನನ್ನ ಕಣ್ಣಿಗೆ ಪೊರೆ ಬಂತು, ಕಾರು ಓಡಿಸುವುದು ನಿಂತಿತು. ಅದೇ ವರ್ಷ ನಮ್ಮೂರಿನ ಬಸ್ಸೂ ನಿಂತಿತು. ಟ್ಯಾಕ್ಸಿಯಲ್ಲಿ ಪೆಂಬರ್ಟನ್ಸ್‌ಗೆ ಹೋಗಿ ಬಂದರೆ ಬಾಡಿಗೆಯ ಮುಂದೆ ಸಾಮಾನೇ ಚಿಕ್ಕದಾಗಿ ಕಾಣುತ್ತಿತ್ತು. ಆಗ, ಸಭಿಕರೇ, ಸೇವ್‌ವೆಲ್‌ನವರು ಪ್ರತಿ ಬುಧವಾರ ನಮ್ಮೂರಿಗೆ ಪುಕ್ಕಟೆ ಬಸ್ಸು ಕಳಿಸತೊಡಗಿದರು. ಹಳದಿ ಬಸ್ಸು. ಮಾಮೂಲಿ ಹಳದಿಯಲ್ಲ, ಕೂಗಿ ಕರೆಯುವ ಹಳದಿ. ಅದರ ಪಕ್ಕೆಯ ಮೇಲೆ ಆಳೆತ್ತರದ ಕೆಂಪಕ್ಷರದಲ್ಲಿ "ಕಮ್ಮಿ ಕೊಡಿ, ಜಾಸ್ತಿ ತಿನ್ನಿ" ಎಂದು ಬರೆದಿತ್ತು. ಮತ್ತು ಅದು ನಿಲ್ಲುತ್ತಿದ್ದುದೆಲ್ಲಿ? ನಮ್ಮ ಮನೆಯ ಗೇಟಿನ ಮುಂದೆ.

ಬುಧವಾರ ಬೆಳಗ್ಗೆ ನಾನು ಪರದೆ ಎಳೆದುಬಿಡುತ್ತಿದ್ದೆ. ಇಸೊಬೆಲ್ ಪರದೆಯ ಸಂದಿಯಲ್ಲಿ ನೋಡುತ್ತಿದ್ದಳು. ಒಂದು ಬುಧವಾರ ತಿರುಗಿ ನೋಡುತ್ತೇನೆ, ಸಂದಿಯಲ್ಲಿ ಅವಳಿಲ್ಲ. ಬಸ್ಸೂ ಇಲ್ಲ.

ಮಧ್ಯಾಹ್ನ ಬಂದಳು. ಕೈಯಲ್ಲಿ ಬೆಸುಗೆ ಹಾಕುವವರು ಮುಖಕ್ಕೆ ಹಾಕಿಕೊಳ್ಳುತ್ತಾರಲ್ಲ, ಆ ಕಪ್ಪು ಮುಖವಾಡ.

"ಏನೇ ಇದು?" ಅಂದೆ.

"ಅಂಗಡಿ ಮಧ್ಯದ ಸಾಲಲ್ಲಿ ಇತ್ತು ಅಕ್ಕ. ಒಂದು ಕಡೆ ರಬ್ಬರ್ ದೋಣಿ, ಇನ್ನೊಂದು ಕಡೆ ಕುದುರೆ ಹೊದಿಕೆ. ನಡುವೆ ಇದು. ಅಗ್ಗ ಅಂದ್ರೆ ಅಗ್ಗ!"

"ಏನು ಮಾಡ್ತೀಯ ಇದನ್ನ?"

"ಅವನೂ ಅದನ್ನೇ ಕೇಳ್ದ," ಅಂದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

"ಅವನು" ಎಂದರೆ ಶ್ರೀಯುತ ಆಗ್ಡನ್. ಮನೆಗಳಿಗೆ ಹಂಚು ಹೊದಿಸುವ ಕೆಲಸ ಮಾಡಿ ನಿವೃತ್ತರಾದವರು. ಇಸೊಬೆಲ್ ಮುಖವಾಡ ಹಿಡಿದು ನಿಂತಿದ್ದಾಗ ಇವರು ಬಂದು, "ಏನ್ ಬಾತುಮರಿ, ಹಡಗು ಕಟ್ತೀಯಾ?" ಅಂದರಂತೆ. ನಮ್ಮ ಡಾರ್ಬಿಶೈರಿನಲ್ಲಿ ಬಾತುಮರಿ ಎಂದು ಅಕ್ಕರೆಗೆ ಯಾರು ಯಾರನ್ನು ಬೇಕಾದರೂ ಕರೆಯುತ್ತಾರೆ, ಒಪ್ಪುತ್ತೇನೆ. ಆದರೆ ಬ್ಯಾಂಕ್ ಮ್ಯಾನೇಜರ ಹೆಣ್ಣುಮಕ್ಕಳನ್ನು ಯಾರೂ ಕರೆದಿರಲಿಲ್ಲ. ಇಸೊಬೆಲ್‌ಗೆ ಬೇಸರವಾಯಿತೇ? ಇಲ್ಲ. ಅವರ ಹಳೇ ಕೋಟಿನ ಮೇಲೆ ಹಂಚಿನ ಕಂಪನಿಯ ಹೆಸರು ಓದಿ, "ಹಡಗಿಗೆ ಹಂಚು ಹೊದಿಸೋಕೆ ನೀವು ಬರ್ತೀರಾ?" ಅಂದಳಂತೆ. ಎಪ್ಪತ್ತು ತುಂಬಿದ ಹೆಂಗಸು!

ಮುಂದಿನ ವಾರ ನಮ್ಮ ಚಾವಣಿ ಸೋರುವುದನ್ನು ನೋಡಲು ಬಂದರು. ಅದಕ್ಕೂ ಮುಂದಿನ ವಾರ ಸೋರದ ಚಾವಣಿಯನ್ನು ನೋಡಲು ಬಂದರು. ಮರ್ಯಾದೆಗೆ ನಾನೇ ಅವರನ್ನು ನಾಲ್ಕು ಗಂಟೆಗೆ ಟೀಗೆ ಕರೆದೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಮನೆಯಲ್ಲಿ ಟೀ ಎಂದರೆ ಟೀ, ಜೊತೆಗೆ ಬೆರಳಗಲದ ಸೌತೆಕಾಯಿ ಸ್ಯಾಂಡ್‌ವಿಚ್. ಶ್ರೀಯುತ ಆಗ್ಡನ್ ಅವರ ಮನೆಯಲ್ಲಿ ಟೀ ಎಂದರೆ ಸಂಜೆಯ ಪೂರ್ತಿ ಊಟ. ಮಧ್ಯಾಹ್ನ ಏನೂ ತಿನ್ನದೆ ಹಸಿದು ಬಂದಿದ್ದರು ಪಾಪ. ಸ್ಯಾಂಡ್‌ವಿಚ್ ಅಷ್ಟನ್ನೂ ತಿಂದರು. ಕೈ ಒರೆಸಿಕೊಂಡರು. ಅಡಿಗೆಮನೆಯ ಬಾಗಿಲ ಕಡೆ ಆಸೆಯಿಂದ ನೋಡುತ್ತಾ ಕುಳಿತರು. ನಾವೂ ಕುಳಿತೆವು. ಕೊನೆಗೆ, "ಚೆನ್ನಾಗಿತ್ತು ಮೇಡಂ, ಶುರುವಿಗೆ," ಅಂದರು.

ಇಸೊಬೆಲ್ ನಕ್ಕು ನಕ್ಕು ಅಡಿಗೆಮನೆಗೆ ಓಡಿ ಅವರಿಗೆ ಮೊಟ್ಟೆ ಹುರಿದು ತಂದಳು. ನಾಲ್ಕೂವರೆಗೆ, ಮುಂದಿನ ಕೋಣೆಯಲ್ಲಿ, ಹುರಿದ ಮೊಟ್ಟೆ. ಗೋಡೆಯ ಮೇಲಿನ ತಂದೆಯವರ ಚಿತ್ರದ ಕಡೆ ನಾನು ನೋಡಲಿಲ್ಲ.

ಇಂಥ ವಿಷಯಗಳಲ್ಲಿ ತಂದೆಯವರ ಕಣ್ಣು ಬಹಳ ಚುರುಕು. ನನಗೆ ಇಪ್ಪತ್ತೆರಡಾಗಿದ್ದಾಗ ಡೆನಿಸ್ ಪಾರ್ ಎಂಬ ಹುಡುಗ ನಮ್ಮ ಮನೆಗೆ ಬರುತ್ತಿದ್ದ, ಸರ್ವೇ ಕಚೇರಿಯಲ್ಲಿದ್ದ. ತಂದೆಯವರು ಒಂದು ಭಾನುವಾರ ಅವರ ಮನೆಗೆ ಹೋಗಿಬಂದರು. ಬಂದವರೇ ಹ್ಯಾಟು ತೆಗೆದು, "ಮೇಜಿನ ಮೇಲೆ ಹಾಲಿನ ಬಾಟಲಿಯನ್ನೇ ಇಟ್ಟಿದ್ರು. ಜಗ್ಗಿಗೆ ಸುರಿದಿರಲಿಲ್ಲ," ಅಂದರು. ಅಷ್ಟೇ ಅಂದರು. ಅಷ್ಟು ಸಾಕಾಯಿತು. ಡೆನಿಸ್ ಕೆನಡಾಕ್ಕೆ ಹೋದ. ನಾನು ಆ ವಿಷಯ ಮತ್ತೆ ಯೋಚಿಸಿದವಳೇ ಅಲ್ಲ. ಅವನಿಗೊಂದು ನೀಲಿ ಸೈಕಲ್ಲಿತ್ತು, ಬೆಲ್ಲು ಸ್ವಲ್ಪ ಕಟ್ಟಿದ ಗಂಟಲಿನ ಹಾಗೆ ಬಡಿಯುತ್ತಿತ್ತು, ಮೂಲೆ ತಿರುಗುವಾಗ ಎರಡು ಸಲ ಹೊಡೆಯುತ್ತಿದ್ದ. ಎಲ್ಲಾ ಮರೆತುಹೋಗಿದೆ. ಏಕೆ ಹೇಳಿದೆ ಇದನ್ನು? ಹಾಂ, ತಂದೆಯವರ ಕಣ್ಣು.

ಚಳಿಗಾಲ ಕಳೆಯುವ ಹೊತ್ತಿಗೆ ಇಸೊಬೆಲ್, "ಅಕ್ಕ, ಕ್ಲಿಫ್ ಮದುವೆ ಆಗೋಣ ಅಂದ. ನಾನು ಹೂಂ ಅಂದೆ," ಅಂದಳು.

ನಾನು ಕೂಗಾಡಲಿಲ್ಲ. ನಾನು ಕೂಗಾಡುವವಳಲ್ಲ. "ಅವನ ಫ್ರಿಜ್ಜಿನಲ್ಲಿ ಏನಿರತ್ತೆ ಅಂತ ಯಾವತ್ತಾದ್ರೂ ನೋಡಿದೀಯಾ?" ಎಂದು ಮಾತ್ರ ಕೇಳಿದೆ.

"ನೋಡಿದೀನಿ ಅಕ್ಕ. ಎಲ್ಲಾ ಸೇವ್‌ವೆಲ್‌ದೇ. ಮೇಲಿಂದ ಕೆಳಗಿನ ತನಕ ತುಂಬಿದೆ. ನಮ್ಮ ಫ್ರಿಜ್ಜಿನಲ್ಲಿ ಏನಿದೆ ಹೇಳು?"

ನಮ್ಮ ಫ್ರಿಜ್ಜಿನಲ್ಲಿ ಪೆಂಬರ್ಟನ್ಸ್‌ನ ಚೀಸ್ ಇತ್ತು, ಒಂದು ತುಂಡು. ಪೆಂಬರ್ಟನ್ಸ್‌ನ ಹ್ಯಾಮ್ ಇತ್ತು, ತೆಳ್ಳಗಿನ ಒಂದು ಹೋಳು, ಇಬ್ಬರಿಗೆ. ಗುಣಮಟ್ಟದ ಪದಾರ್ಥವನ್ನು ಮಿತವಾಗಿ ತಿನ್ನಬೇಕೆಂದು ನಾನು ಸದಾ ಹೇಳುತ್ತಿದ್ದೆ.

"ನಂಗೆ ಹಸಿವಾಗತ್ತೆ ಅಕ್ಕ," ಅಂದಳು ಇಸೊಬೆಲ್. "ಎಷ್ಟೋ ವರ್ಷದಿಂದ ಹಸಿವಾಗ್ತಾ ಇದೆ."

ಆಮೇಲೆ ಕೆಲವು ವಾರ ನಮ್ಮ ನಡುವೆ ಹೆಚ್ಚು ಮಾತುಕತೆ ಇರಲಿಲ್ಲ. ಮದುವೆಗೆ ಬರುವುದಿಲ್ಲ ಎಂದು ನಾನು ಹೇಳಿದ್ದೆ ಎಂದು ಊರಲ್ಲಿ ಕೆಲವರು ಹೇಳಿಕೊಂಡು ತಿರುಗಿದ್ದಾರೆ. ಹೇಳಿದ್ದೆ. ಆದರೆ ಹೇಳಿಕೊಂಡು ತಿರುಗುವ ಅಗತ್ಯವಿರಲಿಲ್ಲ.

ಆಗ ಇಸೊಬೆಲ್ ಜ್ವರ ಬಂದು ಮಲಗಿದಳು. ಮನೆಯಲ್ಲಿ ಸೂಪು ಮಾಡಲು ಏನೂ ಇಲ್ಲ, ಟ್ಯಾಕ್ಸಿಯವನು ಫೋನ್ ಎತ್ತಲಿಲ್ಲ, ಮತ್ತು ಅವತ್ತು ಬುಧವಾರ. ನಾನು ಅಮ್ಮನ ಕೋಟು ಹಾಕಿಕೊಂಡೆ, ಹ್ಯಾಟನ್ನು ಹುಬ್ಬಿನ ತನಕ ಎಳೆದುಕೊಂಡೆ, ಗೇಟು ತೆರೆದು ಆ ಹಳದಿ ಬಸ್ಸು ಹತ್ತಿದೆ.

ಸಭಿಕರೇ, ಹತ್ತಿದವಳು ಏನು ನೋಡಿದೆ? ಒಳಗೆ ಪರಿಚಯವಿಲ್ಲದವರು ಇರುತ್ತಾರೆ ಎಂದುಕೊಂಡಿದ್ದೆ. ಬಸ್ಸಿನ ತುಂಬಾ ನೀವಿದ್ದಿರಿ!

ಡಾಕ್ಟರ್ ಲಾಸನ್ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು, ತಲೆಕೆಳಗಾಗಿ. ಚರ್ಚಿನ ಆರ್ಗನ್ ನುಡಿಸುವವರು ಬೂಟಿನ ದಾರ ಕಟ್ಟಲು ಬಗ್ಗಿದವರು ಪಟ್ಟಣ ಬರುವವರೆಗೂ ಏಳಲಿಲ್ಲ. ನಮ್ಮ ಅಧ್ಯಕ್ಷೆ ಶ್ರೀಮತಿ ಗೌವರ್ ಮಾತ್ರ ಧೈರ್ಯವಂತರು. "ನಾನು ನಾಯಿಗೋಸ್ಕರ ಹೋಗ್ತಾ ಇದೀನಿ ಅಡೆಲಾ," ಅಂದರು. "ನಾನು ಬಲ್ಬಿಗೆ," ಅಂತು ಪತ್ರಿಕೆಯ ಹಿಂದಿನಿಂದ ಒಂದು ದನಿ. ನಗಬೇಡಿ ಡಾಕ್ಟರೇ, ಮನೆಗೆ ಬರುವಾಗ ನಿಮ್ಮ ಚೀಲದಲ್ಲಿ ಎರಡು ಇಡೀ ಕೋಳಿಗಳಿದ್ದವು. ಶ್ರೀಮತಿ ಗೌವರ್ ಅವರ ನಾಯಿಗೆ ಆ ವಾರ ಬಾದಾಮಿ ಬಿಸ್ಕತ್ತು, ಹೊಗೆಯಾಡಿಸಿದ ಮೀನು ಮತ್ತು ಒಂದು ಬಾಟಲಿ ಶೆರ್ರಿ.

ಖಾಲಿ ಸೀಟು ಒಂದೇ ಇತ್ತು. ಶ್ರೀಯುತ ಆಗ್ಡನ್ ಅದರ ಮೇಲಿದ್ದ ತಮ್ಮ ಕೋಟನ್ನು ತೆಗೆದುಕೊಂಡರು. ನಾನು ಕುಳಿತೆ. ಅವರು ಕುಹಕದ ಒಂದು ಮಾತು ಆಡಬಹುದಿತ್ತು, ಅವರಿಗೆ ಹಕ್ಕಿತ್ತು. "ಜ್ವರ ಇಳೀತಾ ಅವಳಿಗೆ?" ಎಂದು ಮಾತ್ರ ಕೇಳಿದರು. ಉದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ಕೈಯಲ್ಲಿದ್ದ ಸಾಮಾನಿನ ಚೀಟಿಯನ್ನು ಮಡಿಸುವರು, ಬಿಚ್ಚುವರು, ಮತ್ತೆ ಮಡಿಸುವರು. ಆಗ ನನಗೆ ತಿಳಿಯಿತು, ಈ ಮನುಷ್ಯನಿಗೆ ನನಗಿಂತ ಹೆಚ್ಚು ಭಯವಾಗಿದೆ.

ಅಂಗಡಿಯಲ್ಲಿ ನಾನು ಕೋಳಿ ತೆಗೆದುಕೊಂಡೆ, ಕ್ಯಾರೆಟ್ ತೆಗೆದುಕೊಂಡೆ. ಆಮೇಲೆ ಕಿತ್ತಳೆ ಸಿಪ್ಪೆಯ ಮಾರ್ಮಲೇಡಿಗೆ ಕೈ ಹಾಕಿದೆ. ನಮ್ಮ ಮನೆಯಲ್ಲಿ ಬೆಳಗಿನ ಬ್ರೆಡ್ಡಿಗೆ ಮಾರ್ಮಲೇಡೇ. ತಂದೆಯವರು ಜ್ಯಾಮನ್ನು ಒಳಗೇ ಬಿಟ್ಟುಕೊಂಡವರಲ್ಲ. ಜ್ಯಾಮ್ ಮಕ್ಕಳಿಗೆ ಮತ್ತು ಬಾಡಿಗೆ ಮನೆಯವರಿಗೆ ಅನ್ನುತ್ತಿದ್ದರು.

"ಅದು ನಿಮಗಾ ಮೇಡಂ?" ಅಂದರು ಶ್ರೀಯುತ ಆಗ್ಡನ್.

"ಇಸೊಬೆಲ್‌ಗೆ. ಅವಳಿಗೆ ಇದಿಲ್ಲದೆ ಬೆಳಗಾಗಲ್ಲ."

ಅವರು ಸಂಕೋಚದಿಂದ ತಲೆ ತುರಿಸಿಕೊಂಡರು. "ಅವಳಿಗೆ ಅದು ಸೇರಲ್ಲ ಮೇಡಂ. ಕಹಿ ಅಂತಾಳೆ. ಸಣ್ಣವಳಿದ್ದಾಗಿಂದ್ಲೂ ಸೇರಲ್ವಂತೆ. ಸ್ಟ್ರಾಬೆರಿ ಜ್ಯಾಮ್ ತಗೊಳ್ಳಿ. ನಾನು ಹೇಳ್ದೆ ಅಂತ ಹೇಳ್ಬೇಡಿ."

ನಾನು ನಿಂತೇ ಇದ್ದೆ. ಹಿಂದಿನವರು ಗಾಡಿ ತಳ್ಳಿಕೊಂಡು ಬಂದು, "ಸ್ವಲ್ಪ ಜರುಗಮ್ಮ ಬಾತುಮರಿ," ಅಂದರು. ಜರುಗಿದೆ. ಹುಟ್ಟಿದಂದಿನಿಂದ ಒಂದೇ ಮನೆಯಲ್ಲಿ, ಒಂದೇ ಮೇಜಿನ ಮುಂದೆ ಕೂತಿದ್ದೇವೆ. ಪ್ರತಿ ಬೆಳಗ್ಗೆ ನಾನೇ ಹಚ್ಚಿ ಕೊಡುತ್ತಿದ್ದೆ, ಅಂಚಿನ ತನಕ, ಧಾರಾಳವಾಗಿ. ಅವಳು ತಿನ್ನುತ್ತಿದ್ದಳು.

ಮರುದಿನ ತಟ್ಟೆಯಲ್ಲಿ ಬ್ರೆಡ್ಡು, ಅದರ ಮೇಲೆ ಸ್ಟ್ರಾಬೆರಿ ಜ್ಯಾಮ್ ಹಚ್ಚಿ ಅವಳ ಹಾಸಿಗೆಗೆ ಒಯ್ದೆ. ಇಸೊಬೆಲ್ ತಟ್ಟೆ ನೋಡಿದಳು. ನನ್ನನ್ನು ನೋಡಿದಳು.

"ಯಾರು ಹೇಳಿದ್ರು ನಿಂಗೆ?"

"ಹಂಚಿನವನು."

"ಬಾಯಿಬಡುಕ," ಅಂದಳು. ಮೂರು ಬ್ರೆಡ್ಡು ತಿಂದಳು.

"ಯಾಕೆ ಒಂದು ಸಲಾನೂ ಹೇಳಲಿಲ್ಲ?" ಎಂದು ಕೇಳಿದೆ.

"ನೀನು ಕೇಳಲಿಲ್ವಲ್ಲ ಅಕ್ಕ. ಅವನು ಕೇಳ್ದ."

ಅದಾದ ಮೇಲೆ ನಾನು ಮದುವೆಗೆ ಬರುತ್ತೇನೋ ಇಲ್ಲವೋ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇವತ್ತು ಬೆಳಗ್ಗೆ ಅವಳು ಈ ನೀಲಿ ಉಡುಪು ತೊಟ್ಟು ನನ್ನ ಕೋಣೆಗೆ ಬಂದಳು. ಗುಂಡಿಗಳು ಬೆನ್ನ ಹಿಂದೆ, ಅವಳ ಕೈಗೆ ನಿಲುಕುವುದಿಲ್ಲ. ನನಗೆ ಬೆನ್ನು ಮಾಡಿ ನಿಂತುಕೊಂಡು, ಕಿಟಕಿಯ ಕಡೆ ನೋಡುತ್ತಾ ಅಂದಳು:

"ಅಕ್ಕ, ನಿಂಗೆ ಬೇಡ ಅನ್ನಿಸಿದ್ರೆ ಈಗ್ಲೇ ಹೇಳು. ನೀನು ಬೇಡ ಅಂದ್ರೆ ನಾನು ಹೋಗಲ್ಲ. ಅವನಿಗೆ ನಾನು ಹೇಳ್ಕೋತೀನಿ."

ಅವಳು ತಮಾಷೆ ಮಾಡುತ್ತಿರಲಿಲ್ಲ, ಸಭಿಕರೇ. ನಾನು ಬೇಡ ಅಂದಿದ್ದರೆ ಅವಳು ಹೋಗುತ್ತಿರಲಿಲ್ಲ. ಅದು ನನಗೆ ಗೊತ್ತು. ನಾಳೆಯಿಂದ ನಮ್ಮ ಮನೆಯಲ್ಲಿ ಬೆಳಗ್ಗೆ ಒಂದೇ ಕಪ್ಪು ತೊಳೆಯಬೇಕಾಗುತ್ತದೆ ಎಂಬುದೂ ನನಗೆ ಗೊತ್ತು. ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಒಳ್ಳೆಯದೇ ಆಯಿತು. ನನ್ನ ಕಣ್ಣು ಹೇಗೂ ಸರಿಯಿಲ್ಲ, ಗುಂಡಿಗಳನ್ನು ತಡವಿ ತಡವಿ ಹಾಕಬೇಕಾಯಿತು.

"ಉಸಿರು ಒಳಗೆ ಎಳ್ಕೋ," ಅಂದೆ. "ಮೇಲಿನ ಗುಂಡಿ ಬಿಗಿ ಇದೆ."

ಎಳೆದುಕೊಂಡಳು. ಹಾಕಿದೆ.

ಮದುವೆಯ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇ. ಈ ಸಭಾಂಗಣವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ ಸಮಿತಿಗೆ, ಕೇಕು ಮಾಡಿದ ಹೆಂಗಸರಿಗೆ, ನಿಂತುಕೊಂಡೇ ಇಷ್ಟು ಹೊತ್ತು ಕೇಳಿದ ಆಗ್ಡನ್ ಮನೆತನದವರಿಗೆ ನನ್ನ ಕೃತಜ್ಞತೆಗಳು. ಕ್ಲಿಫ್, ಅವಳಿಗೆ ಹಸಿವಾಗುವುದಕ್ಕೆ ಬಿಡಬೇಡಪ್ಪ. ಎಲ್ಲರೂ ಗ್ಲಾಸು ಎತ್ತಿಕೊಳ್ಳಿ. ನಮಸ್ಕಾರ.